ಪದವಿ ಬೇರೆ, ಸನದು ಬೇರೆ

ಅಮೀರ್‌ಪೇಟೆಯಲ್ಲಿ ಕಲಿಸದ ವಿದ್ಯೆಯೇ ಇಲ್ಲವೆಂದು ನಾವು ಬಹುಕಾಲ ನಂಬಿಕೊಂಡಿದ್ದೆವು. ಮೈತ್ರಿವನದ ಎದುರು ನಿಂತು ಕತ್ತೆತ್ತಿ ನೋಡಿದರೆ ಕಟ್ಟಡಗಳ ಗೋಡೆ ಕಾಣುವುದಿಲ್ಲ, ಕಾಣುವುದೆಲ್ಲ ಬೋರ್ಡು. ಕಂಪ್ಯೂಟರಿನ ಭಾಷೆಗಳು ಒಂದು ಮಹಡಿಯಲ್ಲಿ, ಇಂಗ್ಲಿಷಿನಲ್ಲಿ ಮಾತಾಡುವ ಬಗೆ ಇನ್ನೊಂದರಲ್ಲಿ, ಪರದೇಶಕ್ಕೆ ಹೋಗುವವರ ಪರೀಕ್ಷೆಗಳು ಮೂರನೆಯದರಲ್ಲಿ. ಸತ್ಯಂ ಟಾಕೀಸು ಹೋಗಿ ಅಲ್ಲಿ ಹೊಸ ಮಾಲು ಎದ್ದಿತು. 2017ರಲ್ಲಿ ತಲೆಯ ಮೇಲೆ ಮೆಟ್ರೋ ರೈಲು ಓಡತೊಡಗಿತು. ಬೋರ್ಡುಗಳು ಮಾತ್ರ ಹೆಚ್ಚುತ್ತಲೇ ಬಂದವು. ಊರಿನಿಂದ ಯಾರ ಮಗ ಬಂದರೂ, ಯಾರ ಮಗಳು ಬಂದರೂ, ಒಂದು ರಾತ್ರಿ ನಮ್ಮಲ್ಲಿ ರೊಟ್ಟಿ ತಿಂದು ಮರುದಿನ ಯಾವುದೋ ಒಂದು ಬೋರ್ಡಿನ ಕೆಳಗೆ ಸೇರಿಕೊಳ್ಳುವುದು ವಾಡಿಕೆ. ನಲವತ್ತೈದು ದಿನವೋ ಅರವತ್ತು ದಿನವೋ ಕಳೆದರೆ ಅವರ ಕೈಯಲ್ಲೊಂದು ಸರ್ಟಿಫಿಕೇಟು. ಆರು ತಿಂಗಳು ಕಳೆದರೆ ಸಾಗರದಾಚೆಯಿಂದ ಒಂದು ಫೋಟೋ.

ಎರಡು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ನಮ್ಮ ಬಾಗಿಲಿಗೆ ಬಂದದ್ದು ಇದಕ್ಕೆ ತಿರುವುಮುರುವಾದ ಪ್ರಸಂಗ. ಬೀದರ ಕಡೆಯ ಪರಿಚಿತ ಕುಟುಂಬ. ಸಂಜೀವರೆಡ್ಡಿ ನಗರದಲ್ಲಿ ಮನೆ. ತಂದೆ ನಿವೃತ್ತರು. ಮಗಳು ಇಂಟರ್‌ಮೀಡಿಯೆಟ್ಟು, ಅಂದರೆ ನಮ್ಮ ಕಡೆಯ ಪಿ.ಯು.ಸಿ., ಮುಗಿಸಿದ ಕೂಡಲೇ ಇಂಗ್ಲೆಂಡಿಗೆ ಹೋಗಿ ಮೂರು ವರ್ಷ ಕಾನೂನು ಓದಿ ಎಲ್‌ಎಲ್.ಬಿ. ಪದವಿ ಪಡೆದು ಬಂದಿದ್ದಳು. ತಂದೆಯ ಹೃದಯದ ಕಾಯಿಲೆಯ ಕಾರಣ, ಇಲ್ಲೇ ಹೈಕೋರ್ಟಿನಲ್ಲಿ ವಕೀಲಿ ಮಾಡುವುದೆಂದು ನಿಶ್ಚಯ. ಆ ದಿನ ಅವರು ಸನದಿನ ವಿಚಾರ ಕೇಳಿಕೊಂಡು ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ಕಿನ ಫೈಲು. ಫೈಲಿನ ಮೇಲೆ ಮಳೆಯ ಹನಿ.

ಹುಡುಗಿ ಕೂತವಳೇ ಅಂದಳು: "ಕಾಕಾ, ನಾ ವಕೀಲ ಅಲ್ಲಂತ್ರಿ. ಮೂರು ವರ್ಷ ಸಾಲದಂತ, ಐದು ವರ್ಷ ಬೇಕಂತ. ಅದರ ಮ್ಯಾಲ ಪರೀಕ್ಷಾನೂ ಬರೀಬೇಕಂತ."

ತಂದೆ ಮಾತಾಡಲಿಲ್ಲ. ಅವರು ಬೀದರದಲ್ಲಿದ್ದ ಪ್ಲಾಟು ಮಾರಿ ಫೀಜು ಕಟ್ಟಿದ್ದರು. ಸೀಟು ಕೊಡಿಸಿದ ಸಲಹಾ ಕಚೇರಿಯವನು "ಲಂಡನ್ ಡಿಗ್ರಿ ಎಲ್ಲೆಡೆ ನಡೀತದ" ಎಂದಿದ್ದನಂತೆ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಪದವಿ ಎಲ್ಲೆಡೆ ಪದವಿಯೇ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಕೋರ್ಟಿನಲ್ಲಿ ಕರಿ ಕೋಟು ತೊಟ್ಟು ನಿಲ್ಲಲು ಬೇಕಾದದ್ದು ಪದವಿಯಲ್ಲ, ಸನದು. ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯ. ಸನದನ್ನು ಕೊಡುವುದು ಆಯಾ ದೇಶದ ವಕೀಲರ ಮಂಡಳಿ. ಈ ಎರಡರ ನಡುವೆ ಒಂದು ಹೊಳೆ ಹರಿಯುತ್ತದೆ. ಎಷ್ಟೋ ಕುಟುಂಬಗಳಿಗೆ ಆ ಹೊಳೆಯಿರುವುದು ತಿಳಿಯುವುದು ದಂಡೆಗೆ ಬಂದು ನಿಂತ ಮೇಲೆಯೇ.

ಇದೇಕೆ ಹೀಗೆ? ಡಾಕ್ಟರರಿಗೂ ದೇಶ ಬಿಟ್ಟು ದೇಶಕ್ಕೆ ಹೋದರೆ ಪರೀಕ್ಷೆಗಳುಂಟು, ಸರಿ. ಆದರೆ ಮನುಷ್ಯನ ಪಿತ್ತಕೋಶ ಬೀದರದಲ್ಲಿದ್ದರೂ ಬರ್ಮಿಂಗ್‌ಹ್ಯಾಮಿನಲ್ಲಿದ್ದರೂ ಇರುವುದು ಬಲಗಡೆಗೇ. ಸೇತುವೆ ಕಟ್ಟುವ ಎಂಜಿನಿಯರನಿಗೆ ಭೂಮಿಯ ಸೆಳೆತ ಎಲ್ಲೆಡೆ ಒಂದೇ. ಕಾನೂನು ಹಾಗಲ್ಲ. ಅದಕ್ಕೆ ಊರುಂಟು, ಗಡಿಯುಂಟು. ಇಂಗ್ಲೆಂಡಿನ ಭೂ ಕಾಯಿದೆಯಲ್ಲಿ ಪಾರಂಗತಳಾದವಳು ಭಾಲ್ಕಿಯ ಒಂದು ಪಾಲುಪಟ್ಟಿಯ ಖಟ್ಲೆಯನ್ನು ಹಿಡಿದರೆ ಅವಳಿಗೆ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಗೊತ್ತಿರಬೇಕು, ಪಹಣಿ ಓದುವುದೂ ಗೊತ್ತಿರಬೇಕು. ಕಕ್ಷಿದಾರನ ಮನೆ ಹೊಲ ಹೋಗುವ ಮಾತಿದು. ಮಂಡಳಿಯವರು ಬಾಗಿಲಲ್ಲಿ ನಿಂತು ತಡೆದು ಕೇಳುವುದನ್ನು ಬರಿಯ ಹಠವೆನ್ನಲಾಗದು.

ನೋಡಿ, ಪರದೇಶದವರೆಗೆ ಹೋಗುವುದೇ ಬೇಡ. ನಮ್ಮ ಹಿರಿಯರ ಪಾಲಿಗೆ ಈ ಹೈದರಾಬಾದೇ ವಕೀಲಿಯ ಮಟ್ಟಿಗೆ ಒಂದು ಬೇರೆ ದೇಶವಾಗಿತ್ತು. ಬೀದರ, ಗುಲಬರ್ಗಾ, ರಾಯಚೂರು ನಿಜಾಮರ ಸಂಸ್ಥಾನದಲ್ಲಿದ್ದ ಕಾಲ. ಸಂಸ್ಥಾನಕ್ಕೆ ತನ್ನದೇ ಕಾಯಿದೆ, ತನ್ನದೇ ಹೈಕೋರ್ಟು, ತನ್ನದೇ ವಕೀಲರ ಸನದು. 1884ರಲ್ಲಿ ಆಡಳಿತದ ಭಾಷೆ ಫಾರಸಿ ಹೋಗಿ ಉರ್ದು ಆಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠವೂ ಉರ್ದುವಿನಲ್ಲೇ. 1920ರಲ್ಲಿ ಮೂಸಿ ನದಿಯ ದಂಡೆಯ ಮೇಲೆ ಕೆಂಪು ಗುಮ್ಮಟಗಳ ಹೈಕೋರ್ಟು ಕಟ್ಟಡ ತೆರೆದಾಗ, ಗುಲಬರ್ಗೆಯ ಕನ್ನಡಿಗ ವಕೀಲರು ಅಲ್ಲಿ ಬಂದು ವಾದಿಸಬೇಕಾದದ್ದು ಮನೆಯಲ್ಲಿ ಆಡದ ಭಾಷೆಯಲ್ಲಿ. ಧಾರವಾಡದಲ್ಲೋ ಬಳ್ಳಾರಿಯಲ್ಲೋ ನಡೆಯುತ್ತಿದ್ದ ಬ್ರಿಟಿಷರ ಕೋರ್ಟಿನ ಸನದು ಕೃಷ್ಣಾ ತುಂಗಭದ್ರೆಗಳನ್ನು ದಾಟಿ ಈಚೆಗೆ ತಾನಾಗಿ ಬರುತ್ತಿರಲಿಲ್ಲ. ಎರಡೂ ಕಡೆ ಕನ್ನಡವೇ, ಎರಡೂ ಕಡೆ ಜೋಳದ ರೊಟ್ಟಿಯೇ, ಆದರೂ ಕಾಯಿದೆ ಬೇರೆ. ಆ ಕಾಲದ ಗುರುತು ನಮ್ಮ ಬಾಯಲ್ಲಿ ಇನ್ನೂ ಉಳಿದಿದೆ: ವಕೀಲ, ವಕಾಲತ್ತು, ದಾವೆ, ಫೈಸಲಾ, ಜಮಾನತ್ತು, ಸನದು. ಈ ಲೇಖನದ ತಲೆಬರಹದಲ್ಲಿರುವ ಶಬ್ದವೂ ಅಲ್ಲಿಂದಲೇ ಬಂದದ್ದು.

1948ರಲ್ಲಿ ಸಂಸ್ಥಾನ ಹೋಯಿತು. 1956ರ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1961ರ ವಕೀಲರ ಕಾಯಿದೆ ದೇಶಕ್ಕೆಲ್ಲ ಒಂದೇ ವರ್ಗದ ವಕೀಲರನ್ನು ಮಾಡಿತು. ಒಂದು ರಾಜ್ಯದ ಪಟ್ಟಿಯಲ್ಲಿ ಹೆಸರಿದ್ದವರು ಭಾರತದ ಯಾವ ಕೋರ್ಟಿನಲ್ಲಾದರೂ ವಾದಿಸಬಹುದೆಂದು ಅದರ 30ನೆಯ ಕಲಮು ಹೇಳುತ್ತದೆ. ಆದರೆ ತಮಾಷೆ ಕೇಳಿ: ಆ ಕಲಮು ಜಾರಿಗೆ ಬಂದದ್ದು 2011ರ ಜೂನ್ 15ರಂದು. ಐವತ್ತು ವರ್ಷ ಅದು ಪುಸ್ತಕದಲ್ಲೇ ಮಲಗಿತ್ತು. ಕಾನೂನಿನವರ ಕೆಲಸ ಎಷ್ಟು ನಿಧಾನವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದೇನೇ ಇರಲಿ, ಈಗ ಕಲಬುರಗಿಯಲ್ಲಿ ಸನದು ಪಡೆದವರು ಇಲ್ಲಿಗೆ ಬಂದು ವಾದಿಸುವುದಕ್ಕೆ ತಡೆಯಿಲ್ಲ. ಇಲ್ಲೇ ನೆಲೆಸುವುದಾದರೆ ಹೆಸರನ್ನು ತೆಲಂಗಾಣದ ಪಟ್ಟಿಗೆ ವರ್ಗ ಮಾಡಿಸಿಕೊಳ್ಳಲೂಬಹುದು.

ಹಿಂದಿನ ಕಾಲದಲ್ಲಿ ಲಂಡನ್ನಿನ ಬ್ಯಾರಿಸ್ಟರಿಕೆಗೆ ಇಲ್ಲಿ ಇಂಥ ತೊಂದರೆಯಿರಲಿಲ್ಲವಲ್ಲ ಎಂದು ಹುಡುಗಿಯ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಗಾಂಧೀಜಿಯವರು 1891ರ ಜೂನ್ 10ರಂದು ಬ್ಯಾರಿಸ್ಟರಾಗಿ, ಎರಡು ದಿನಕ್ಕೆಲ್ಲ ಹಡಗು ಹತ್ತಿದರು. ಇಲ್ಲಿಗೆ ಬಂದಾಗ ಅವರಿಗೆ ರೋಮನ್ ಕಾನೂನು ಗೊತ್ತು, ಇಂಗ್ಲಿಷರ ಕಾನೂನು ಗೊತ್ತು. ಹಿಂದೂ ಕಾನೂನು, ಮುಸಲ್ಮಾನರ ಕಾನೂನು ಮಾತ್ರ ಗೊತ್ತಿರಲಿಲ್ಲವೆಂದು ತಮ್ಮ ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡಿದ್ದಾರೆ. ಆದರೂ ಮುಂಬಯಿ ಹೈಕೋರ್ಟಿನ ಬಾಗಿಲು ತೆರೆದೇ ಇತ್ತು. ಆಳುವವರ ಮುದ್ರೆ ಅದು. ತಿಳುವಳಿಕೆಯನ್ನು ಯಾರೂ ಅಳೆಯಲಿಲ್ಲ. ಅದೇ ಮುದ್ರೆಯನ್ನು ಹಿಡಿದು 1894ರಲ್ಲಿ ದಕ್ಷಿಣ ಆಫ್ರಿಕಾದ ನೇಟಾಲಿನಲ್ಲಿ ಅರ್ಜಿ ಹಾಕಿದಾಗ ಅಲ್ಲಿಯ ವಕೀಲರ ಸಂಘ ಅಡ್ಡ ಬಂತು. ಮೂಲ ಇಂಗ್ಲಿಷ್ ಸರ್ಟಿಫಿಕೇಟು ಲಗತ್ತಿಸಿಲ್ಲವೆಂಬುದು ಅವರು ಎತ್ತಿದ ತಕರಾರುಗಳಲ್ಲಿ ಒಂದು. ಅದು ಮುಂಬಯಿ ಹೈಕೋರ್ಟಿನಲ್ಲೇ ಉಳಿದಿತ್ತು! ನಿಜವಾದ ತಕರಾರು ಮೈಬಣ್ಣದ್ದೆಂಬುದು ಎಲ್ಲರಿಗೂ ತಿಳಿದಿತ್ತು. ನೇಟಾಲಿನ ಸುಪ್ರೀಂ ಕೋರ್ಟು ಆ ತಕರಾರನ್ನು ತಳ್ಳಿಹಾಕಿ ಸೆಪ್ಟೆಂಬರ್ 3ರಂದು ಅವರನ್ನು ಸೇರಿಸಿಕೊಂಡಿತು. ಸೇರಿಸಿಕೊಂಡ ಕೂಡಲೇ ತಲೆಯ ಪೇಟ ತೆಗೆಯಲು ಹೇಳಿತು. ಸನದನ್ನು ಕೊಟ್ಟ ಲಂಡನ್ನಿನ ಇನ್ನರ್ ಟೆಂಪಲ್ಲೇ 1922ರಲ್ಲಿ ಅವರ ಹೆಸರನ್ನು ಹೊಡೆದುಹಾಕಿ, 1988ರಲ್ಲಿ ಮತ್ತೆ ಬರೆದುಕೊಂಡದ್ದು ಬೇರೆಯೇ ಕಥೆ.

ಸ್ವತಂತ್ರ ಭಾರತ ಆ ಹಳೆಯ ಬಾಗಿಲನ್ನು ಮುಚ್ಚಿತು. ಬ್ಯಾರಿಸ್ಟರಾದವರನ್ನು ಇಲ್ಲಿ ಹಾಗೆಯೇ ಸೇರಿಸಿಕೊಳ್ಳುವ ಅವಕಾಶ 1976ರ ಡಿಸೆಂಬರ್ 31ರ ಒಳಗೆ ಬ್ಯಾರಿಸ್ಟರಾದವರಿಗೆ ಮಾತ್ರವೆಂದು ವಕೀಲರ ಕಾಯಿದೆಯ 24ನೆಯ ಕಲಮು ಗೆರೆ ಎಳೆದಿದೆ. ಅಲ್ಲಿಂದ ಮುಂದೆ ಪರದೇಶದ ಯಾವ ಕಾನೂನು ಪದವಿಯಾದರೂ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವರು ಒಪ್ಪುವುದು ಯಾವುದನ್ನು? ಕೌನ್ಸಿಲ್ಲಿನ 2008ರ ನಿಯಮಗಳಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಹನ್ನೆರಡನೆಯ ತರಗತಿಯ ನೇರ ಬೆನ್ನಿಗೆ ಕಾನೂನಿಗೆ ಸೇರಿದರೆ ಐದು ವರ್ಷದ ಓದು. ಬೇರೊಂದು ಪದವಿ ಮುಗಿಸಿ ಸೇರಿದರೆ ಮೂರು ವರ್ಷದ ಓದು. ಎರಡೂ ತರಗತಿಯಲ್ಲಿ ಕೂತು ಓದಿದ್ದಾಗಿರಬೇಕು. ಆ ವಿಶ್ವವಿದ್ಯಾನಿಲಯದ ಹೆಸರು ಕೌನ್ಸಿಲ್ಲಿನ ಮಾನ್ಯತೆಯ ಪಟ್ಟಿಯಲ್ಲಿರಬೇಕು. ನಮ್ಮ ಹುಡುಗಿ ಮುಗ್ಗರಿಸಿದ್ದು ಮೊದಲ ಮೆಟ್ಟಿಲಲ್ಲೇ. ಇಂಗ್ಲೆಂಡಿನಲ್ಲಿ ಶಾಲೆ ಮುಗಿಸಿದ ಮಕ್ಕಳು ಮೂರೇ ವರ್ಷದಲ್ಲಿ ಎಲ್‌ಎಲ್.ಬಿ. ಮಾಡುತ್ತಾರೆ, ಅಲ್ಲಿ ಅದು ಪೂರ್ಣ, ಇಲ್ಲಿ ಎರಡು ವರ್ಷ ಕಡಿಮೆ. ಪದವೀಧರರಿಗಾಗಿ ಅಲ್ಲಿ ಎರಡೇ ವರ್ಷದ ಎಲ್‌ಎಲ್.ಬಿ. ಕೂಡ ಇದೆ, ಅದೂ ನಮ್ಮ ಲೆಕ್ಕಕ್ಕೆ ಒಂದು ವರ್ಷ ಗಿಡ್ಡ. ಹುಡುಗಿಯ ಅಂಕಗಳು ಒಳ್ಳೆಯವು, ಮೇಷ್ಟರುಗಳ ಪತ್ರ ಒಳ್ಳೆಯವು. ಅವನ್ನು ಯಾರೂ ತೆರೆದು ನೋಡಲಿಲ್ಲ. ಗಜಕಡ್ಡಿಗೆ ಬಟ್ಟೆಯ ಬಣ್ಣ ಕಾಣುವುದಿಲ್ಲವಷ್ಟೆ. ಈ ಒಂದು ವಿಷಯದಲ್ಲಿ ನಮಗೂ ಮನಸ್ಸಿಗೆ ಒಗ್ಗದ್ದುಂಟು: ಮುಂದೆ ಪರೀಕ್ಷೆಯಿಟ್ಟು ತಿಳಿವನ್ನು ಅಳೆಯುವುದೇ ಆದ ಮೇಲೆ ವರ್ಷಗಳನ್ನೂ ಇಷ್ಟು ಬಿಗಿಯಾಗಿ ಎಣಿಸಬೇಕೆ? ಆದರೆ ನಿಯಮವಿರುವುದು ಹಾಗೆ. ಫೀಜು ಕಟ್ಟುವ ಮುನ್ನ ಅದನ್ನು ಓದಿಕೊಳ್ಳುವುದು ನಮ್ಮ ಕೆಲಸ.

ಕೊರತೆ ಬಿದ್ದವರಿಗೆ ದಾರಿ ಇಲ್ಲದಿಲ್ಲ. ಕೌನ್ಸಿಲ್ ಒಪ್ಪಿದ ಸಂಸ್ಥೆಯಲ್ಲಿ ಎರಡು ವರ್ಷದ ಬ್ರಿಜ್ ಕೋರ್ಸು ಮಾಡಿ ಆ ಅಂತರವನ್ನು ತುಂಬಿಕೊಳ್ಳಬಹುದು. ಪರದೇಶದ ಪದವಿಯವರಿಗೆಂದೇ ಕೌನ್ಸಿಲ್ ನಡೆಸುವ ಅರ್ಹತಾ ಪರೀಕ್ಷೆ ಬೇರೆ ಇದೆ. ಸಂವಿಧಾನ, ಕರಾರು ಕಾಯಿದೆ, ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ, ವಕೀಲ ವೃತ್ತಿಯ ನಡತೆ ಮುಂತಾಗಿ ಇಲ್ಲಿ ಕೋರ್ಟಿಗೆ ನಿಲ್ಲುವವರಿಗೆ ಬೇಕೇ ಬೇಕಾದ ವಿಷಯಗಳು ಅದರಲ್ಲಿ ಬರುತ್ತವೆ. ಹಳೆಯ ನೋಟ್ಸು ಹಿಡಿದು ಓದುವವರಿಗೆ ಒಂದು ಎಚ್ಚರಿಕೆ: 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯಿದೆಗಳು ಹೋಗಿ ಹೊಸ ಮೂರು ಕಾಯಿದೆಗಳು ಬಂದಿವೆ. ಇದೆಲ್ಲ ಮುಗಿದ ಮೇಲೆ ರಾಜ್ಯದ ಬಾರ್ ಕೌನ್ಸಿಲ್ಲಿನಲ್ಲಿ ನೋಂದಣಿ. ಆಮೇಲೆ ಇಲ್ಲಿಯ ಪದವೀಧರರಂತೆಯೇ ಅಖಿಲ ಭಾರತ ಬಾರ್ ಪರೀಕ್ಷೆ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಪರೀಕ್ಷೆಯನ್ನು ಎತ್ತಿಹಿಡಿಯಿತು. ಸಂತೋಷದ ಮಾತೆಂದರೆ ಇದನ್ನು ಕನ್ನಡದಲ್ಲಿಯೂ ಬರೆಯಬಹುದು. ನೋಂದಣಿಯ ಹೆಸರಿನಲ್ಲಿ ಒಂದೊಂದು ರಾಜ್ಯ ಒಂದೊಂದು ಮೊತ್ತವನ್ನು, ಕೆಲವೆಡೆ ಹತ್ತಾರು ಸಾವಿರದವರೆಗೂ, ವಸೂಲು ಮಾಡುತ್ತಿದ್ದುದನ್ನು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ನಿಲ್ಲಿಸಿತು: ಕಾಯಿದೆಯಲ್ಲಿ ಬರೆದಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ, ಅಷ್ಟೆ.

ಇದು ಹೊರಗಿನಿಂದ ಒಳಗೆ ಬರುವವರ ಕಥೆಯಾಯಿತು. ನಮ್ಮ ಓದುಗರ ಮನೆಗಳಲ್ಲಿ ಒಳಗಿನಿಂದ ಹೊರಗೆ ಹೋಗುವವರೇ ಹೆಚ್ಚು. ಅದರಲ್ಲೂ ಗಂಡನ ನೌಕರಿಯ ಹಿಂದೆ ಹೋಗುವ ಹೆಣ್ಣುಮಕ್ಕಳು. ನಮ್ಮ ಬಳಗದಲ್ಲೇ ಒಬ್ಬ ಸೊಸೆ ಕಲಬುರಗಿಯಲ್ಲಿ ನಾಲ್ಕು ವರ್ಷ ವಕೀಲಿ ಮಾಡಿದವಳು. ಕೆನಡಾಕ್ಕೆ ಹೋದ ಹೊಸತರಲ್ಲಿ ಫೋನಿನಲ್ಲಿ ಅಂದಿದ್ದಳು: "ಅತ್ತಿಯವ್ರ, ಇಲ್ಲಿ ನಾ ಬರೇ ರೊಟ್ಟಿ ಬಡಿಯಾಕಿ." ಅವಳ ಅತ್ತೆ ಅದನ್ನು ನಮ್ಮ ಮನೆಯಾಕೆಯ ಮುಂದೆ ಹೇಳಿ ಕಣ್ಣೊರೆಸಿಕೊಂಡರು.

ಕೆನಡಾದಲ್ಲಿ ಹೊರಗಿನ ಕಾನೂನು ಪದವಿಯನ್ನು ತೂಗಿ ನೋಡಲು ರಾಷ್ಟ್ರೀಯ ಮಾನ್ಯತಾ ಸಮಿತಿಯೊಂದಿದೆ, ಎನ್.ಸಿ.ಎ. ಎಂದು ಎಲ್ಲರೂ ಕರೆಯುತ್ತಾರೆ. ನೀವು ಓದಿದ್ದೇನು, ಎಷ್ಟು ವರ್ಷ, ತರಗತಿಯಲ್ಲಿ ಕೂತು ಓದಿದ್ದೋ ಅಂಚೆಯ ಮೂಲಕವೋ ಎಂದೆಲ್ಲ ನೋಡಿ, ಯಾವ ಯಾವ ವಿಷಯದಲ್ಲಿ ಪರೀಕ್ಷೆ ಕೊಡಬೇಕೆಂದು ಬರೆದು ಕಳಿಸುತ್ತದೆ. ಕೆನಡಾದ ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ಕೆನಡಾ ಕಾನೂನಿನ ಬುನಾದಿ, ವೃತ್ತಿಧರ್ಮ, ಈ ಐದು ಸಾಮಾನ್ಯವಾಗಿ ಯಾರಿಗೂ ತಪ್ಪುವುದಿಲ್ಲ. ಅವು ಮುಗಿದರೆ ಸಿಗುವುದು ಅರ್ಹತಾ ಪತ್ರ, ಸನದಲ್ಲ. ಪ್ರಾಂತದ ವಕೀಲರ ಸಂಘದ ಪರೀಕ್ಷೆ, ಹಿರಿಯರ ಕೈಕೆಳಗೆ ಕೆಲವು ತಿಂಗಳ ಉಮೇದುವಾರಿ ಬಾಕಿಯೇ ಇರುತ್ತದೆ. ಎನ್.ಸಿ.ಎ. ಪರೀಕ್ಷೆಗಳು ಈಚಿನ ವರ್ಷಗಳಲ್ಲಿ ಆನ್‌ಲೈನಿನಲ್ಲಿ ನಡೆಯುತ್ತಿವೆ. ಎಂದಮೇಲೆ ವೀಸಾ ಕಾಯುತ್ತ ಇಲ್ಲಿ ಕೂತ ದಿನಗಳನ್ನು ಓದಿಗೆ ಬಳಸಿಕೊಳ್ಳಬಹುದೆಂದು ಆ ಸೊಸೆ ಆಮೇಲೆ ಹಳಹಳಿಸಿದಳು. ಹೋಗುವ ಮೊದಲು ಹೇಳುವವರು ಯಾರೂ ಇರಲಿಲ್ಲ.

ಅಮೆರಿಕಾದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅಲ್ಲಿ ನಮ್ಮ 30ನೆಯ ಕಲಮಿನಂಥದ್ದಿಲ್ಲ. ನ್ಯೂಯಾರ್ಕಿನವರು ಓದಿನ ಅವಧಿ, ಓದಿನ ತಿರುಳು ಎರಡನ್ನೂ ತಮ್ಮ ಕಾಲೇಜುಗಳೊಡನೆ ಹೋಲಿಸಿ ನೋಡುತ್ತಾರೆ. ಇಂಗ್ಲಿಷ್ ಪದ್ಧತಿಯ ಕಾನೂನು ನಡೆಯುವ ದೇಶದವರಾದ್ದರಿಂದ ನಮ್ಮವರಿಗೆ ಒಂದು ಅನುಕೂಲವುಂಟು. ಎರಡರಲ್ಲಿ ಒಂದು ಕೊರೆಬಿದ್ದರೆ ಅಲ್ಲಿಯ ಮಾನ್ಯ ಕಾಲೇಜಿನಲ್ಲಿ 24 ಕ್ರೆಡಿಟ್ಟಿನ ಎಲ್‌ಎಲ್.ಎಂ. ಮಾಡಿ ಸರಿಪಡಿಸಿಕೊಳ್ಳಬಹುದು. ಆದ್ದರಿಂದ ಮೊದಲು ಅರ್ಜಿ ಹಾಕಿ ಅವರಿಂದ ಉತ್ತರ ತರಿಸಿಕೊಂಡು, ಬೇಕೆಂದರೆ ಮಾತ್ರ ಎಲ್‌ಎಲ್.ಎಂ.ಗೆ ಸಾಲ ಮಾಡುವುದು ಜಾಣತನ. ಅನೇಕರು ಮೊದಲು ಸಾಲ ಮಾಡಿ ಆಮೇಲೆ ಕೇಳುತ್ತಾರೆ. ಕ್ಯಾಲಿಫೋರ್ನಿಯಾ ಇನ್ನೊಂದು ಬಗೆ: ತನ್ನ ದೇಶದಲ್ಲಿ ಸನದು ಪಡೆದ ವಕೀಲರನ್ನು ಅದು ಮತ್ತೊಂದು ಪದವಿ ಕೇಳದೆಯೇ ತನ್ನ ಬಾರ್ ಪರೀಕ್ಷೆಗೆ ಕೂರಿಸುತ್ತದೆ.

ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗುವವರಿಗೆ 2021ರಿಂದ ಎಸ್.ಕ್ಯೂ.ಇ. ಎಂಬ ಒಂದೇ ಪರೀಕ್ಷೆ, ಎರಡು ಭಾಗ. ಮೊದಲ ಭಾಗದಲ್ಲಿ 360 ಪ್ರಶ್ನೆ; ಎರಡನೆಯದರಲ್ಲಿ ಕಕ್ಷಿದಾರನೊಡನೆ ಮಾತಾಡುವುದು, ಪತ್ರ ಬರೆಯುವುದು, ವಾದಿಸುವುದು. ಅಲ್ಲಿ ಹೊಸಬರಿಗೆ ಎರಡು ವರ್ಷದ ಅನುಭವ ಕಡ್ಡಾಯ. ಆದರೆ ಬೇರೆ ದೇಶದಲ್ಲಿ ಸನದುಳ್ಳ ವಕೀಲರಿಗೆ ಆ ಎರಡು ವರ್ಷ ಮಾಫಿ. ಕೊಲ್ಲಿಯ ದೇಶಗಳ ಮಾತು ಚಿಕ್ಕದು: ಕೋರ್ಟಿನ ಭಾಷೆ ಅರಬ್ಬಿ, ನಮ್ಮವರು ಕಂಪನಿಗಳಲ್ಲಿ ಸಲಹೆಗಾರರಾಗಿ ದುಡಿಯುತ್ತಾರೆ.

ಇಲ್ಲೊಂದು ವಿಷಯವನ್ನು ಓದುಗರು ಗಮನಿಸಬೇಕು. ಕ್ಯಾಲಿಫೋರ್ನಿಯಾ ಆಗಲಿ, ಇಂಗ್ಲೆಂಡ್ ಆಗಲಿ ರಿಯಾಯಿತಿ ಕೊಡುವುದು ಸನದಿಗೆ, ಪದವಿಗಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಕಾನೂನಿನ ಕೊನೆಯ ಪರೀಕ್ಷೆ ಬರೆದ ತಿಂಗಳಲ್ಲೇ ಮದುವೆಯಾಗಿ ವಿಮಾನ ಹತ್ತುತ್ತಾರೆ. ನೋಂದಣಿಯಾಗಿರುವುದಿಲ್ಲ, ಬಾರ್ ಪರೀಕ್ಷೆ ಬರೆದಿರುವುದಿಲ್ಲ. "ಹೆಂಗೂ ಅಲ್ಲಿ ಬೇರೆ ಓದೋದೈತಲ್ಲ" ಎಂಬ ಮಾತು. ಹೋಗುವ ಮುನ್ನ ಆರು ತಿಂಗಳು ತಡೆದು ಸನದು ಕೈಗೆ ತೆಗೆದುಕೊಂಡರೆ ಅಲ್ಲಿ ವರ್ಷಗಳು ಉಳಿಯುತ್ತವೆ. ಬೀಗರಿಗೆ ಹೇಳುವುದು ಕಷ್ಟವೆಂದು ಬಲ್ಲೆವು, ಆದರೂ ಹೇಳಿ.

ಕಾಗದಪತ್ರಗಳ ವಿಚಾರವೂ ಹಾಗೆಯೇ. ನ್ಯೂಯಾರ್ಕಿನವರಿಗೂ ಕೆನಡಾದವರಿಗೂ ಅಂಕಪಟ್ಟಿ ನಿಮ್ಮ ಕೈಯಿಂದ ನಡೆಯದು, ವಿಶ್ವವಿದ್ಯಾನಿಲಯದಿಂದ ನೇರವಾಗಿ ಹೋಗಬೇಕು. ನಮ್ಮ ಕಡೆಯ ಕಚೇರಿಗಳಿಂದ ಒಂದು ಮೊಹರು ಮಾಡಿದ ಲಕೋಟೆ ಹೊರಡಬೇಕಾದರೆ ಎಷ್ಟು ಸಲ ಬಸ್ಸು ಹತ್ತಬೇಕೆಂದು ನಾವು ಹೇಳಬೇಕಾಗಿಲ್ಲ. ಊರಿನಲ್ಲಿರುವಾಗಲೇ ಅದನ್ನು ಮಾಡಿಸಿಕೊಳ್ಳಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಅದರ ದಾಖಲೆಯೂ ಜೊತೆಗಿರಲಿ. ಮೂಲಪತ್ರವನ್ನು ಒಂದು ಕಚೇರಿಗೆ ಕೊಡುವ ಮುನ್ನ ದೃಢೀಕೃತ ನಕಲು ಇಟ್ಟುಕೊಳ್ಳಿ. ನೇಟಾಲಿನಲ್ಲಿ ಗಾಂಧೀಜಿಯವರಿಗೆ ಆದದ್ದು ನೆನಪಿರಲಿ.

ಅತ್ತಿತ್ತ ಎರಡೂ ಕಡೆ ಬಾಗಿಲು ಕಾಯುವವರಿದ್ದಾರೆ. ಪರದೇಶದ ವಕೀಲರು ಇಲ್ಲಿ ವಕೀಲಿ ಮಾಡುವಂತಿಲ್ಲ, ಸಲಹೆಗಾಗಿ ಆಗಾಗ ಬಂದುಹೋಗಬಹುದಷ್ಟೆ ಎಂದು 2018ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2023ರಲ್ಲಿ ಬಾರ್ ಕೌನ್ಸಿಲ್ ನಿಯಮ ಮಾಡಿ, 2025ರಲ್ಲಿ ತಿದ್ದಿ, ಅವರು ನೋಂದಣಿ ಮಾಡಿಕೊಂಡು ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಡಬಹುದು, ಕೋರ್ಟಿಗೆ ಮಾತ್ರ ಇಲ್ಲ ಎಂದಿತು; ಅದೂ ಅವರ ದೇಶ ನಮ್ಮವರಿಗೆ ಅಂಥದೇ ಅವಕಾಶ ಕೊಟ್ಟರೆ. ಪೌರತ್ವ ಬದಲಿಸಿದ ನಮ್ಮವರು ಕೇಳುವುದುಂಟು: ಓ.ಸಿ.ಐ. ಕಾರ್ಡಿದ್ದರೆ ಸಾಕೆ? ಆ ಕಾರ್ಡಿನವರಿಗೆ ತೆರೆದಿರುವ ವೃತ್ತಿಗಳಲ್ಲಿ 2021ರ ಅಧಿಸೂಚನೆ ವಕೀಲಿಯನ್ನೂ ಹೆಸರಿಸಿದೆ. ಆದರೆ ವಕೀಲರ ಕಾಯಿದೆಗೆ ಒಳಪಟ್ಟು. ಮತ್ತೆ ಅದೇ ಹೊಳೆಯ ದಂಡೆ.

ಆ ಸಂಜೆ ಹುಡುಗಿಯ ಫೈಲು ಆರಿದ ಮೇಲೆ ನಾವೆಲ್ಲ ಕೂತು ಲೆಕ್ಕ ಹಾಕಿದೆವು. ಹೊಸದಾಗಿ ಇಲ್ಲಿಯೇ ಐದು ವರ್ಷವೆ, ಎರಡು ವರ್ಷದ ಬ್ರಿಜ್ ಕೋರ್ಸೆ, ಇಂಗ್ಲೆಂಡಿಗೆ ಮರಳಿ ಹೋಗುವುದೆ. ತಾಯಿ ಮೂರನೆಯದನ್ನು ಕೇಳಿದೊಡನೆ ಎದ್ದು ಅಡಿಗೆಮನೆಗೆ ಹೋದರು. ಕೊನೆಗೆ ಬ್ರಿಜ್ ಕೋರ್ಸೆಂದು ತೀರ್ಮಾನವಾಯಿತು. ಸಾಲ ತಂದೆಯ ಹೆಸರಿನಲ್ಲಲ್ಲ, ತನ್ನ ಹೆಸರಿನಲ್ಲೇ ಇರಲೆಂದು ಹುಡುಗಿ ಹಠ ಹಿಡಿದಳು.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ಹೋದ ಯುಗಾದಿಗೆ ಬಂದಾಗ ತಂದೆ ಸಡಗರದಿಂದ ನಮ್ಮೆದುರೇ ಕೇಳಿದರು, ಬಾಗಿಲಿಗೆ ಹಾಕುವ ಹೆಸರಿನ ಫಲಕ ತೆಲುಗಿನಲ್ಲಿ ಬರೆಸೋಣವೋ ಕನ್ನಡದಲ್ಲೋ ಎಂದು.

"ಅಪ್ಪಾ, ಇನ್ನ ಪರೀಕ್ಷಾ ಅವ," ಎಂದಳು. "ಫಲಕ ಈಗ ಬ್ಯಾಡ. ಹಲಗಿ ಕೊಯ್ಸಿ ಇಡ್ರಿ ಬೇಕಾದ್ರ."

ಹಲಗೆ ಕೊಯ್ಸಿ ಇಟ್ಟಿದ್ದಾರೆ.